ಹಳೆಯ ಫೈರ್ ಅಲಾರಂ ಪ್ಯಾನೆಲ್ ಗುಜರಿಗೆ ಹಾಕಬೇಡಿ

ಮಾನ್ಯರೇ,

ಕಟ್ಟಡಗಳಿಂದ ಕಳಚಿದ ಫೈರ್ ಅಲಾರಂ ಕಂಟ್ರೋಲ್ ಪ್ಯಾನೆಲ್‌ಗಳನ್ನು ಕೂಡಿಟ್ಟು, ರಿಪೇರಿ ಮಾಡಿ, ಟೆಸ್ಟ್ ಮಾಡುವುದು ನನ್ನ ಹವ್ಯಾಸ. ದಯವಿಟ್ಟು ಇವನ್ನು ಸುಮ್ನೆ ಗುಜರಿಗೆ ಹಾಕಬೇಡಿ, ಕಲಿಯುವವರಿಗೆ ಕೊಡಿ. ಕಲಿಯುವುದಕ್ಕೆ ಇದರಲ್ಲಿ ತುಂಬಾ ಇದೆ.

ಹಳೆಯ ಮಾದರಿಗಳಲ್ಲಿ ಪ್ರತಿ ಝೋನ್‌ನ, ಅಂದರೆ ಕಟ್ಟಡದ ಒಂದೊಂದು ಭಾಗದ, ಹೊಗೆ ಸೆನ್ಸರ್‌ಗಳನ್ನು ಪ್ಯಾನೆಲ್‌ಗೆ ಜೋಡಿಸುವ ತಂತಿಯ ಕೊನೆಗೆ ಒಂದು ಪುಟ್ಟ ರೆಸಿಸ್ಟರ್ (ಕರೆಂಟ್ ಹರಿವನ್ನು ಮಿತಿಯಲ್ಲಿಡುವ ಬಿಡಿಭಾಗ) ಇರುತ್ತದೆ. ಅದರ ಮೂಲಕ ಸ್ವಲ್ಪವೇ ಸ್ವಲ್ಪ ಕರೆಂಟ್ ಸದಾ ಹರಿಯುತ್ತದೆ. ತಂತಿಯ ಒಂದು ತುದಿ ಬಿಚ್ಚಿದರೆ ಸಾಕು, ಆ ಕರೆಂಟ್ ನಿಂತು, ಪ್ಯಾನೆಲ್‌ನ ಹಳದಿ ಫಾಲ್ಟ್ (ದೋಷ) ದೀಪ ಹತ್ತಿ ಬಜರ್ ಕೂಗುತ್ತದೆ. ಬೆಂಕಿ ಇಲ್ಲದಾಗಲೂ ಪ್ಯಾನೆಲ್ ತನ್ನ ತಂತಿಗಳನ್ನು ತಾನೇ ಕಾಯುತ್ತಿರುತ್ತದೆ. ಎಷ್ಟು ಚೆಂದದ ಯೋಚನೆ ಅಲ್ವಾ!

ಆದರೆ ಆ ಬಜರ್ ಕೂಗಿದಾಗ ಬಟನ್ ಒತ್ತಿ ಬಾಯಿ ಮುಚ್ಚಿಸಿ ಮರೆಯುವವರೇ ಜಾಸ್ತಿ. ತಂತಿ ಕಡಿದ ಜಾಗದಿಂದಾಚೆ ಹೊಗೆ ಎದ್ದರೆ ಪ್ಯಾನೆಲ್‌ಗೆ ಗೊತ್ತಾಗುವುದಿಲ್ಲ. ಹಳದಿ ದೀಪ ಕಂಡ ದಿನವೇ ಮೆಕ್ಯಾನಿಕ್‌ನ್ನು ಕರೆಸಿ.

– ಒಬ್ಬ ಹವ್ಯಾಸಿ