ಕ್ರೋಮ್ ಹೊಳಪು ನಂಬಬೇಡಿ

ಮಾನ್ಯ ಸಂಪಾದಕರೇ,

ಕರಾವಳಿಯಲ್ಲಿ ದೋಣಿ, ಲಾರಿ ಇಟ್ಟುಕೊಂಡವರಿಗೆ ಒಂದು ಮಾತು. ಒಣ ಗಾಳಿಯಲ್ಲಿ ಉಕ್ಕು ಒಂದು ಮಿತಿಯೊಳಗಿನ ಹೊರೆಯನ್ನು ಕೋಟಿ ಸಲ ಹೊತ್ತರೂ ಮುರಿಯುವುದಿಲ್ಲ, ಆದರೆ ಉಪ್ಪುನೀರು ತಗುಲಿದರೆ ಆ ಮಿತಿಯೇ ಇಲ್ಲವಾಗುತ್ತದೆ, ತುಕ್ಕಿನ ಸಣ್ಣ ಗುಳಿಯಿಂದಲೇ ಬಿರುಕು ಶುರುವಾಗುತ್ತದೆ. ಸವೆದ ಶಾಫ್ಟಿಗೆ ಸುಮ್ನೆ ಗಟ್ಟಿ ಕ್ರೋಮ್ ಲೋಹದ ಲೇಪ ಹೊಡೆಸಿದರೆ ಸಾಲದು. ಆ ಪದರದಲ್ಲೇ ಕೂದಲೆಳೆಯಂಥ ಬಿರುಕುಗಳಿರುತ್ತವೆ. ಮೊದಲು ಶಾಟ್ ಪೀನಿಂಗ್ ಮಾಡಿಸಿ. ಪುಟ್ಟ ಗುಂಡುಗಳ ಹೊಡೆತಕ್ಕೆ ಮೇಲ್ಮೈ ಒತ್ತಿಕೊಂಡು, ಬಿರುಕು ಬಾಯಿ ಬಿಡುವುದು ಕಷ್ಟವಾಗುತ್ತದೆ. ತುಕ್ಕಿನ ಗುಳಿ ಈ ಒತ್ತಿದ ಪದರವನ್ನೂ ದಾಟಿದರೆ ಎಲ್ಲ ವ್ಯರ್ಥ, ಹಾಗಾಗಿ ಮೇಲೆ ಒಳ್ಳೆಯ ಬಣ್ಣ ಬೇಕೇ ಬೇಕು. 1967ರಲ್ಲಿ ಅಮೆರಿಕದ ಸಿಲ್ವರ್ ಬ್ರಿಜ್ ಕುಸಿದು 46 ಜನ ಸತ್ತರು. ಕಾರಣ, ಒಂದು ಕೊಂಡಿಯಲ್ಲಿದ್ದ ಸುಮಾರು 2.5 ಮಿ.ಮೀ. ಆಳದ ಬಿರುಕು. ಎಷ್ಟು ಸಣ್ಣದು, ಅಲ್ವಾ?

— ಓದುಗ, ಉಡುಪಿ