ಮಂಗಳೂರಿಗೆ ಬರುವವರಿಗೆ ಕಡಲಿನ ಋತುಮಾನ ಮೊದಲೇ ತಿಳಿಯಲಿ

ಮಾನ್ಯ ಸಂಪಾದಕರೇ,

ಮಳೆಗಾಲದ ವಾರಾಂತ್ಯಗಳಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಗಳಿಂದ ಮಂಗಳೂರಿಗೆ ಬರುವ ಕುಟುಂಬಗಳಲ್ಲಿ ಹೆಚ್ಚಿನವರು ಕಡಲಿನಲ್ಲಿ ಮೀಯಬೇಕು, ಕಾಣೆ ಅಥವಾ ಅಂಜಲ್ ಮೀನಿನ ಊಟ ಮಾಡಬೇಕು, ಕಿಟಕಿ ತೆರೆದರೆ ಅಲೆಗಳು ಕಾಣುವ ಕೋಣೆಯಲ್ಲಿ ಉಳಿಯಬೇಕು ಎಂಬ ಆಸೆಯನ್ನು ಹೊತ್ತು ಬರುತ್ತಾರೆ. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಜೂನ್, ಜುಲೈ ತಿಂಗಳುಗಳಲ್ಲಿ ಮೊದಲನೆಯದು ಪ್ರಾಣಾಪಾಯದ ಕೆಲಸ, ಎರಡನೆಯದು ತಾಜಾ ಸಿಗುವುದು ಕಷ್ಟ, ಮೂರನೆಯದಂತೂ ನಗರದೊಳಗೆ ಯಾವ ಕಾಲದಲ್ಲೂ ವಿರಳ. ಇಷ್ಟನ್ನು ಅವರು ಊರು ಬಿಡುವ ಮುನ್ನವೇ ತಿಳಿಸುವ ಹೊಣೆಯನ್ನು ನಮ್ಮ ಹೋಟೆಲ್‌ಗಳಾಗಲಿ, ಪ್ರವಾಸೋದ್ಯಮದ ಹೊಣೆ ಹೊತ್ತವರಾಗಲಿ ಸಾಕಷ್ಟು ನಿರ್ವಹಿಸುತ್ತಿಲ್ಲವೆಂಬುದು ಇದೇ ನಗರದ ನಿವಾಸಿಯಾದ ನನ್ನ ಕೊರಗು.

ಮೊದಲು ಮೀನಿನ ವಿಷಯ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನುಗಳು ಮೊಟ್ಟೆಯಿಟ್ಟು ಮರಿಮಾಡುವ ಈ ಸಮಯದಲ್ಲಿ ಬಲೆ ಬೀಸಿದರೆ ಮುಂದಿನ ವರ್ಷದ ಬುಟ್ಟಿ ಬರಿದಾಗುತ್ತದೆ ಎಂಬ ಕಾರಣಕ್ಕೆ ಜಾರಿಯಲ್ಲಿರುವ ಈ ನಿಷೇಧವನ್ನು ಮೀನುಗಾರರು ಪಾಲಿಸುತ್ತಾರೆ. ಆಗ ಬಂದರಿನ ದಕ್ಕೆಯಲ್ಲಿ ಬೋಟುಗಳು ಸಾಲುಸಾಲಾಗಿ ಲಂಗರು ಹಾಕಿ ನಿಂತಿರುತ್ತವೆ. ನಿಷೇಧದಿಂದ ವಿನಾಯಿತಿಯಿರುವ ನಾಡದೋಣಿಗಳು ಕಡಲು ಸ್ವಲ್ಪ ಶಾಂತವಾದ ದಿನಗಳಲ್ಲಿ ಹೊರಟು ಒಂದಿಷ್ಟು ಬಂಗುಡೆ, ಬೂತಾಯಿ, ಸಿಗಡಿ ತಂದರೆ ಅದೇ ಆ ದಿನದ ಭಾಗ್ಯ. ಪೂರ್ವ ಕರಾವಳಿಯ ನಿಷೇಧವು ಏಪ್ರಿಲ್ 15ಕ್ಕೆ ಆರಂಭವಾಗಿ ಜೂನ್ 14ಕ್ಕೆ ಮುಗಿಯುವುದರಿಂದ, ಆ ಬಳಿಕ ಅಲ್ಲಿನ ಮೀನು ಮಂಜುಗಡ್ಡೆಯಲ್ಲಿ ಹುದುಗಿಕೊಂಡು ಇಲ್ಲಿಗೆ ಬರುತ್ತದೆ. ಹೀಗಿರುವಾಗ ಜುಲೈ ತಿಂಗಳಲ್ಲಿ ತಟ್ಟೆಗೆ ಬೀಳುವ ದೊಡ್ಡ ಅಂಜಲ್ ತುಂಡು ಅಂದು ಬೆಳಿಗ್ಗೆ ಇಲ್ಲಿನ ಕಡಲಿನಿಂದ ಬಂದದ್ದಾಗಿರುವ ಸಾಧ್ಯತೆ ತೀರಾ ಕಡಿಮೆ. ಹಿಮದಲ್ಲಿಟ್ಟ ಮೀನು ತಿನ್ನಬಾರದೆಂದಲ್ಲ. ಆದರೆ ದುಡ್ಡು ತೆರುವವರಿಗೆ ಅದು ಎಲ್ಲಿಯದೆಂದು ತಿಳಿಯುವ ಹಕ್ಕಿದೆ. ಅಂದಂದು ಸಿಕ್ಕ ಮೀನು ಯಾವುದು, ಹೊರಗಿನಿಂದ ಬಂದದ್ದು ಯಾವುದು ಎಂದು ಹೋಟೆಲಿನ ಬಾಗಿಲಲ್ಲಿ ಒಂದು ಕರಿಹಲಗೆಯ ಮೇಲೆ ಬರೆಯುವುದಕ್ಕೆ ಯಾವ ಖರ್ಚೂ ಇಲ್ಲ.

ಇನ್ನೊಂದು ಮಾತನ್ನೂ ಹೋಟೆಲಿನವರಿಗೆ ಹೇಳಬೇಕೆನಿಸುತ್ತದೆ. ಮಳೆಗಾಲದಲ್ಲಿ ಈ ಊರಿನ ಅಡುಗೆಮನೆಗಳು ಬಡವಾಗುವುದಿಲ್ಲ, ಬೇರೆಯಾಗುತ್ತವೆ. ಕೆಸುವಿನ ಎಲೆಗೆ ಹುಳಿಖಾರದ ಅಕ್ಕಿಹಿಟ್ಟು ಬಳಿದು ಸುತ್ತಿ ಬೇಯಿಸಿದ ಪತ್ರೊಡೆ, ಹಲಸಿನ ಹಣ್ಣಿನ ಗಟ್ಟಿ, ಕಣಿಲೆಯ (ಎಳೆ ಬಿದಿರಿನ) ಪಲ್ಯ, ಕುಚ್ಚಲಕ್ಕಿ ಗಂಜಿಯ ಜೊತೆಗೆ ಒಣಮೀನಿನ ಚಟ್ನಿ ಇವೆಲ್ಲ ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ನಮ್ಮ ಮನೆಮನೆಯ ಊಟ. ದೂರದಿಂದ ಬಂದವರಿಗೆ ಇವು ಸಿಗುವ ಜಾಗಗಳು ಮಾತ್ರ ಬೆರಳೆಣಿಕೆಯಷ್ಟು. ನೀರುದೋಸೆ, ಕೋರಿ ರೊಟ್ಟಿ, ಗೋಳಿಬಜೆ, ಬನ್ಸ್, ಗಡ್‌ಬಡ್ ಐಸ್‌ಕ್ರೀಮು ವರ್ಷವಿಡೀ ಇದ್ದೇ ಇರುತ್ತವೆ. ಆದರೆ ಜುಲೈನಲ್ಲಿ ಬಂದ ಅತಿಥಿಗೆ ಜುಲೈನ ಊಟವನ್ನೇ ಬಡಿಸುವುದರಲ್ಲಿ ನಮ್ಮ ಊರಿನ ಘನತೆಯಿದೆ ಎಂದು ನಾನು ನಂಬಿದ್ದೇನೆ.

ಕಡಲತೀರದ ವಿಷಯ ಇದಕ್ಕಿಂತ ಗಂಭೀರವಾದದ್ದು. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ ಮೂರೂ ಕಡೆ ಮಳೆಗಾಲದ ಅಲೆ ದಡಕ್ಕೆ ಅಪ್ಪಳಿಸಿ ಹಿಂದಿರುಗುವಾಗ ನೀರು ಕಿರಿದಾದ ಜಾಡು ಹಿಡಿದು ವೇಗವಾಗಿ ಕಡಲಿನೊಳಕ್ಕೆ ಹರಿಯುತ್ತದೆ. ಆ ಸೆಳೆತಕ್ಕೆ ಸಿಕ್ಕವರು ದಡದತ್ತ ನೇರವಾಗಿ ಈಜಲು ಯತ್ನಿಸಿದಷ್ಟೂ ಸುಸ್ತಾಗುತ್ತಾರೆ, ಒಳ್ಳೆಯ ಈಜುಗಾರರೂ ಇದಕ್ಕೆ ಹೊರತಲ್ಲ. ಸೋಮೇಶ್ವರದಲ್ಲಿ ದೇವಸ್ಥಾನದ ಬಳಿಯ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ ಎಂಬುದು ಬೇರೆ. ನೀರಿಗಿಳಿಯಬಾರದೆಂಬ ಆದೇಶವನ್ನು ಜಿಲ್ಲಾಡಳಿತ ಹೊರಡಿಸುತ್ತದೆ, ಜೀವರಕ್ಷಕರು ಸೀಟಿ ಊದುತ್ತಾರೆ. ಆದರೆ ಮುನ್ನೂರೈವತ್ತು ಕಿಲೋಮೀಟರು ದಾಟಿ, ಶಿರಾಡಿ ಘಾಟಿಯ ಮಳೆಯಲ್ಲಿ ಬಸವಳಿದು, ಕೋಣೆಗೆ ಮುಂಗಡ ಕಟ್ಟಿ ಬಂದವರಿಗೆ ಮರಳಿನ ಮೇಲೆ ನಿಂತಾಗ ಮೊದಲ ಬಾರಿಗೆ ಈ ಸಂಗತಿ ತಿಳಿದರೆ ಅವರು ವಾದಕ್ಕಿಳಿಯುತ್ತಾರೆ, ಕಣ್ಣು ತಪ್ಪಿಸಿ ನೀರಿಗಿಳಿಯುತ್ತಾರೆ. ಕೋಣೆ ಕಾದಿರಿಸುವ ಹೊತ್ತಿನಲ್ಲೇ ವಸತಿಗೃಹದವರು ಎರಡು ಸಾಲಿನ ಎಚ್ಚರಿಕೆ ಕಳುಹಿಸುವುದನ್ನು ಜಿಲ್ಲಾಡಳಿತವು ಕಡ್ಡಾಯ ಮಾಡಲೆಂದು ನಾನು ಕೋರುತ್ತೇನೆ. ಗಿರಾಕಿ ತಪ್ಪಿಹೋದಾನೆಂಬ ಹೆದರಿಕೆ ಬೇಡ. ತಿಳಿದು ಬಂದವನು ಡಿಸೆಂಬರಿನಲ್ಲಿ ಮತ್ತೆ ಬರುತ್ತಾನೆ.

ವಸತಿಯ ಬಗ್ಗೆ ಹೆಚ್ಚೇನೂ ಹೇಳಬೇಕಿಲ್ಲ. ಮಂಗಳೂರಿನ ಲಾಡ್ಜುಗಳು ಬಹುಪಾಲು ಹಂಪನಕಟ್ಟೆ, ಜ್ಯೋತಿ, ಲಾಲ್‌ಬಾಗ್, ಕದ್ರಿಯ ಸುತ್ತಮುತ್ತ ಇವೆ. ಕಡಲ ಬದಿಯಲ್ಲೇ ಉಳಿಯಬೇಕೆಂದರೆ ಉಳ್ಳಾಲ ಅಥವಾ ಸಸಿಹಿತ್ಲು ಕಡೆಗೆ ಹೋಗಬೇಕಾಗುತ್ತದೆ. ನನ್ನನ್ನು ಕೇಳಿದರೆ ನಗರದೊಳಗೆ ಉಳಿಯುವುದೇ ಮೇಲು. ಬೆಳಿಗ್ಗೆ ರಥಬೀದಿಯಲ್ಲಿ ಮಲ್ಲಿಗೆಯ ಅಂಗಡಿಗಳ ಮುಂದೆ ನಡೆದು, ಸಂತ ಅಲೋಶಿಯಸ್ ಚಾಪೆಲಿನಲ್ಲಿ ಆಂಟೋನಿಯೊ ಮೊಸ್ಕೆನಿ ಗೋಡೆಗೂ ಸೂರಿಗೂ ಬಿಡಿಸಿದ ಚಿತ್ರಗಳನ್ನು ಕುಳಿತು ನೋಡಿ, ಮಧ್ಯಾಹ್ನದ ಊಟದ ನಂತರ ಊರಿನವರಂತೆಯೇ ಒಂದು ನಿದ್ದೆ ತೆಗೆದು, ಬಿಸಿಲು ಇಳಿದ ಮೇಲೆ ಸುಲ್ತಾನ್ ಬತ್ತೇರಿಗೆ ಹೋಗಿ, ಟಿಪ್ಪುವಿನ ಕಾಲದ ಆ ಕಾವಲು ಬುರುಜಿನ ಪಕ್ಕದಿಂದ ಫಲ್ಗುಣಿ ನದಿಯನ್ನು ದೋಣಿಯಲ್ಲಿ ದಾಟಿ ತಣ್ಣೀರುಬಾವಿಯ ಮರಳಿಗೆ ಕಾಲಿಡುವುದು ನವೆಂಬರಿನಿಂದ ಫೆಬ್ರುವರಿಯವರೆಗೆ ಯಾರಿಗೂ ಸಾಧ್ಯವಾದ ಸುಖ. ಧರ್ಮಸ್ಥಳ, ಕಟೀಲು, ಉಡುಪಿಗಳನ್ನೆಲ್ಲ ಒಂದೇ ದಿನದಲ್ಲಿ ಮುಗಿಸಿ, ಮಂಗಳೂರಿಗೆ ಒಂದು ಊಟದಷ್ಟು ಸಮಯ ಕೊಡುವವರಿಗೆ ಈ ಊರಿನ ನಿಧಾನ ದಕ್ಕುವುದಿಲ್ಲ.

ತಮ್ಮ ಪತ್ರಿಕೆಗೂ ಒಂದು ವಿನಂತಿ. ಹವಾಮಾನದ ಅಂಕಣದ ಪಕ್ಕದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಶುಕ್ರವಾರ, ಕರಾವಳಿಯ ಯಾವ ಯಾವ ತೀರಗಳಲ್ಲಿ ನೀರಿಗಿಳಿಯಲು ನಿರ್ಬಂಧವಿದೆ ಮತ್ತು ಘಾಟಿ ರಸ್ತೆಗಳಲ್ಲಿ ಯಾವುದು ತೆರೆದಿದೆ ಎಂಬುದನ್ನು ಕರಾವಳಿ ಆವೃತ್ತಿಯಲ್ಲಷ್ಟೇ ಅಲ್ಲದೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಆವೃತ್ತಿಗಳಲ್ಲಿಯೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಓದುಗ,
ಬೋಳಾರ, ಮಂಗಳೂರು