ಅವ್ವ ಬನಶಂಕರಿಗೆ ಉಡಿ ತುಂಬಿ ಬಂದಳು

ಹೋದ ವರ್ಷ ಬನಶಂಕರಿ ಜಾತ್ರೆ ಹೊತ್ತಿಗೆ ಅವ್ವ ಆಸ್ಪತ್ರೆಯಲ್ಲಿದ್ದಳು. ಈ ಬನದ ಹುಣ್ಣಿಮೆಗೆ ತಾನೇ ಬಂದು ದೇವಿಗೆ ಉಡಿ ತುಂಬಿದಳು. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕಾಯಿ, ಅಕ್ಕಿ. ಫೋನ್ ಮಾಡಿ ವಿಚಾರಿಸಿದವರಿಗೆಲ್ಲ ಇಲ್ಲೇ ಒಟ್ಟಿಗೆ ಹೇಳುತ್ತಿದ್ದೇನೆ.

ಡಾಕ್ಟರು, ನರ್ಸುಗಳು, ರಕ್ತ ಕೊಟ್ಟ ಗೆಳೆಯರು, ಹೋದ ಸಲ ಅವ್ವನ ಬದಲಿಗೆ ಗುಡಿಗೆ ನಡೆದು ಹೋದ ಓಣಿಯ ಅಕ್ಕಂದಿರು, ನಿಮಗೆಲ್ಲ ಎದುರಿಗೇ ಕೈ ಮುಗಿದಿದ್ದೇನೆ. ಮತ್ತೆ ಹೇಳಿದರೆ ಬೈತೀರಿ.

ಪಕ್ಕದ ಮನೆ ಕಾಕುಗೆ ಮಾತ್ರ ಸರಿಯಾಗಿ ಹೇಳಿಯೇ ಇಲ್ಲ. ನಮ್ಮದು ಇಳಕಲ್ಲಿನ ನೇಕಾರರ ಮನೆ. ಸೀರೆ ಒಡಲಿನ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಕೊಂಡಿ ಹಾಕಿ ಕೂಡಿಸುವುದು ಅವ್ವನ ಕೆಲಸ. ಕ್ಯಾನ್ಸರಿಗೆ ಕಿಮೋ ಶುರುವಾದ ಮೇಲೆ ಅವಳ ಬೆರಳ ತುದಿ ಜೋಮು ಹಿಡಿಯಿತು. ಎಳೆ ಕೈಗೆ ಹತ್ತುತ್ತಿರಲಿಲ್ಲ. ಕಾಕು ತಮ್ಮ ಮನೆ ಅಡುಗೆ ಮುಗಿಸಿ ಬಂದು, ನಮ್ಮ ಮಗ್ಗದ ಮುಂದೆ ಕೂತು ಕೊಂಡಿ ಹಾಕುತ್ತಿದ್ದರು. ಕೂಲಿ ಕೊಡಲು ಹೋದರೆ, "ನಿಮ್ಮವ್ವ ಎದ್ದ ಮ್ಯಾಲ ಆಕಿನ ಕಡೆ ತಗೋತೀನಿ" ಅನ್ನುತ್ತಿದ್ದರು. ಮಗ್ಗ ನಿಲ್ಲಲಿಲ್ಲ. ಅದಕ್ಕೇ ಔಷಧಿಗೆ ರೊಕ್ಕ ಇತ್ತು. ದೇವಿಗೆ ಕೊಟ್ಟ ಸೀರೆಯೂ ಅವರೇ ಕೊಂಡಿ ಹಾಕಿದ್ದು.

ಬಾದಾಮಿಯಿಂದ ಸುಮಾರು 5 ಕಿಲೋಮೀಟರ್, ಚೊಳಚಗುಡ್ಡದ ಹತ್ತಿರ ಗುಡಿ. ಚಾಲುಕ್ಯರ ಕಾಲದಿಂದ ಪೂಜೆ ನಡೆದುಕೊಂಡು ಬಂದ ದೇವಿ. ಈಗ ಕಾಣುವ ಕಟ್ಟಡ 18ನೇ ಶತಮಾನದ್ದು. ಕಪ್ಪು ಕಲ್ಲಿನ ಮೂರ್ತಿ, ಎಂಟು ಕೈ, ಸಿಂಹವಾಹನ. ಗರ್ಭಗುಡಿ ಮುಂದೆ ಜಾಸ್ತಿ ಹೊತ್ತು ನಿಲ್ಲಲಾಗಲಿಲ್ಲ, ಜಾತ್ರೆ ಅಲ್ವಾ. ಹಿಂದಿದ್ದವರು ಅವ್ವನ ತಲೆಗೆ ಕಟ್ಟಿದ್ದ ಬಟ್ಟೆ ನೋಡಿ ಸುಮ್ನೆ ಜಾಗ ಬಿಟ್ಟರು. ಅವರ್‍ಯಾರೋ ಗೊತ್ತಿಲ್ಲ. ಅವರಿಗೂ ಶರಣು.

ಬರಗಾಲದಲ್ಲಿ ಹಸಿದ ಜನಕ್ಕೆ ತನ್ನ ಮೈಯಿಂದಲೇ ಸೊಪ್ಪು, ಕಾಯಿಪಲ್ಯ ಹುಟ್ಟಿಸಿ ಕೊಟ್ಟವಳು ಶಾಕಂಭರಿ. ಬನಶಂಕರಿ ಅಂದರೆ ಅವಳೇ. ಹುಣ್ಣಿಮೆಗೆ ಮುಂಚೆ ಪಲ್ಯದ ಹಬ್ಬದಲ್ಲಿ 108 ಬಗೆ ಪಲ್ಯದ ನೈವೇದ್ಯ ಆಗುತ್ತದೆ. ನಮಗೆ ಆ ಪ್ರಸಾದ ಸಿಗಲಿಲ್ಲ, ಒಂದು ದಿನ ತಡವಾಗಿ ಹೋಗಿದ್ದೆವು.

ಆದರೆ ಊಟ ಸಿಕ್ಕಿತು. ಗುಡಿ ಹೊರಗೆ ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುವ ತಾಯಂದಿರನ್ನು ಅಲ್ಲಿಗೆ ಹೋದವರೆಲ್ಲ ನೋಡಿರುತ್ತೀರಿ. ಅವರಲ್ಲೊಬ್ಬರು ಅವ್ವನ ಮುಖ ನೋಡಿದ್ದೇ, "ಯವ್ವಾ, ಬಾ ಕುಂದರು, ಉಣ್ಣು. ರೊಕ್ಕದ ಮಾತು ಆಮ್ಯಾಲೆ" ಅಂದರು. ಖಡಕ್ ಜೋಳದ ರೊಟ್ಟಿ ಮುರಿದು, ಪುಂಡಿಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ ಬಡಿಸಿದರು. ಖಾರದ ನಡುವೆ ಬೆರಳಲ್ಲಿ ಗುಳಿ ಮಾಡಿ ಎಣ್ಣೆ ಬಿಟ್ಟರು. ಮೇಲೆ ಗಟ್ಟಿ ಮೊಸರು. ಕಿಮೋ ಆದಾಗಿನಿಂದ ಅವ್ವನಿಗೆ ಏನು ತಿಂದರೂ ಕಬ್ಬಿಣ ನೆಕ್ಕಿದ ಹಾಗೆ ಅನ್ನಿಸುತ್ತಿತ್ತು. ಬಾಯಿಗಿಟ್ಟಿದ್ದನ್ನು ಉಗುಳಿಬಿಡುತ್ತಿದ್ದಳು. ಅವತ್ತು ಪೂರ್ತಿ ರೊಟ್ಟಿ ಉಂಡು, "ಪುಂಡಿಪಲ್ಯಕ್ಕ ಉಪ್ಪು ಸ್ವಲ್ಪ ಕಡಿಮಿ ಆಗೇತಿ" ಅಂದಳು. ಆ ತಾಯಿಗೆ ಸಿಟ್ಟು ಬರಲಿಲ್ಲ. ಉಪ್ಪು ಹುಡುಕಿ ತಂದರು. ನನಗೆ ಅಳು ಬಂತು. ಒಂದೂವರೆ ವರ್ಷದಿಂದ ಅಡುಗೆಯಲ್ಲಿ ತಪ್ಪು ಹುಡುಕುವುದನ್ನೇ ಬಿಟ್ಟಿದ್ದಳಲ್ಲ! ತಾಯಿ, ನಿಮ್ಮ ಬುಟ್ಟಿ ಬರಿದಾಗದಿರಲಿ.

ಸಂಜೆ ತೇರು ಎಳೆದಾಗ ಅವ್ವ ಉತ್ತತ್ತಿ, ಬಾಳೆಹಣ್ಣು ಎಸೆದಳು. ಅವು ತೇರಿನವರೆಗೆ ಮುಟ್ಟಲಿಲ್ಲ, ಮುಂದಿದ್ದ ಯಾರದೋ ಪಟಗಕ್ಕೆ ಬಿದ್ದವು. ಚಳಿ ಇತ್ತು ಅಂತ ನಾಟಕ ನೋಡದೇ ವಾಪಸ್ ಕರೆತಂದೆವು. ಆ ಸಿಟ್ಟು ಅವಳಿಗೆ ಇನ್ನೂ ಇಳಿದಿಲ್ಲ. ನಾಟಕ ಕಂಪನಿಗಳು ಇನ್ನೂ ಅಲ್ಲೇ ಟೆಂಟ್ ಹಾಕಿಕೊಂಡಿವೆ. ಈ ಶನಿವಾರ ಹೊರಡುತ್ತೇವೆ. ಕಾಕು, ನೀವೂ ಬರಬೇಕು. ಟಿಕೆಟ್ ನಮ್ಮದು, ಬೇಡ ಅನ್ನುವ ಹಾಗಿಲ್ಲ.